ಹಣದ ಉಬ್ಬರವೂ ಮನೆಯ ಉಳಿತಾಯವೂ

"ಕೂಡಿಟ್ಟು ಮಾಡುವುದೇನು?" ಎಂಬ ಮಾತು ಈಚಿನ ವರ್ಷಗಳಲ್ಲಿ ನಮ್ಮ ಜರಗನಹಳ್ಳಿಯ ಬೀದಿಗಳಲ್ಲಿ ಪದೇ ಪದೇ ಕಿವಿಗೆ ಬೀಳುತ್ತಿದೆ. ಇದನ್ನು ಆಡುವವರು ದುಂದುಗಾರರೇ ಆಗಿದ್ದರೆ ಈ ತಿಂಗಳ ಪುಟಗಳನ್ನು ನಾವು ಇದಕ್ಕಾಗಿ ಮೀಸಲಿಡುತ್ತಿರಲಿಲ್ಲ. ಆಡುವವರು ಮಿತವ್ಯಯಿಗಳು: ನಸುಕಿನಲ್ಲೆದ್ದು ಹೂ ಕಟ್ಟಿ ಮಾರುವವರು, ಹೊಲಿಗೆಯ ಯಂತ್ರದ ಮುಂದೆ ಕುಳಿತು ಮಕ್ಕಳನ್ನು ಓದಿಸಿದವರು, ದಿನವೆಲ್ಲ ಆಟೋ ಓಡಿಸಿ ಸಂಜೆಗೆ ನೂರು ರೂಪಾಯಿಯನ್ನಾದರೂ ಬೇರೆ ತೆಗೆದಿಡುತ್ತಿದ್ದವರು. ಇಂಥವರ ಬಾಯಿಂದ ಈ ಮಾತು ಬಂದಾಗ ಮುಪ್ಪಿನವರು "ಕಾಲ ಕೆಟ್ಟಿತು, ಈಗಿನವರಿಗೆ ನಾಳೆಯ ಚಿಂತೆಯೇ ಇಲ್ಲ" ಎಂದು ನಿಟ್ಟುಸಿರು ಬಿಡುವುದುಂಟು. ನಮ್ಮ ಅಭಿಪ್ರಾಯ ಹಾಗಲ್ಲ. ಜನರ ಗುಣ ಕೆಟ್ಟಿಲ್ಲ. ಅವರು ಅಳೆಯುವ ಕೋಲು ಮೊಟಕಾಗುತ್ತ ಬಂದಿದೆ. ಹೂವಾಡಗಿತ್ತಿ ಮಲ್ಲಿಗೆಯನ್ನು ಅಳೆಯುವ ಮೊಳ ಕಳೆದ ವರ್ಷ ಎಷ್ಟಿತ್ತೋ ಈ ವರ್ಷವೂ ಅಷ್ಟೇ ಇದೆ. ಆ ಹೂವಿಗೆ ಬದಲಾಗಿ ಅವಳ ಕೈಗೆ ಬಂದ ರೂಪಾಯಿ ಮಾತ್ರ ಅಷ್ಟೇ ಉಳಿದಿಲ್ಲ. ಮೊಟಕಾಗುವ ಕೋಲಿನಿಂದ ಅಳೆದು ಇಟ್ಟವನಿಗೆ ತನ್ನ ಸದ್ಗುಣವೇ ಮೌಢ್ಯವೆಂದು ತೋರಿದರೆ ಆಶ್ಚರ್ಯವೇನು?

ಸಂಸ್ಕೃತದಲ್ಲಿ ಯೋಗಕ್ಷೇಮವೆಂಬ ಸಮಸ್ತಪದವೊಂದುಂಟು. ನಾವು ಅದನ್ನು ಕುಶಲಪ್ರಶ್ನೆಯ ಕಾಗದಗಳಲ್ಲಿ ಸವೆಸಿ ಅದರ ಒಡಲನ್ನು ಮರೆತಿದ್ದೇವೆ. ಇಲ್ಲದುದನ್ನು ಸಂಪಾದಿಸುವುದು ಯೋಗ. ಸಂಪಾದಿಸಿದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಸಂಸಾರವೆಂಬ ಬಂಡಿಗೆ ಇವೆರಡೂ ಗಾಲಿಗಳು. ಬೆಲೆಗಳು ನಿಂತಲ್ಲಿ ನಿಲ್ಲದೆ ಏರುವ ಕಾಲದಲ್ಲಿ ಯೋಗಕ್ಕೆ ಅಷ್ಟಾಗಿ ಧಕ್ಕೆಯಿಲ್ಲ. ಕೂಲಿಯೂ ಸಂಬಳವೂ ತಡವಾಗಿಯಾದರೂ ಒಂದಿಷ್ಟು ಏರುತ್ತವೆ. ಕೆಡುವುದು ಕ್ಷೇಮ. ಗಳಿಸಿದವನಿಗಿಂತ ಕಾಪಾಡಿದವನಿಗೆ ಹೆಚ್ಚು ದಂಡ ಬೀಳುವುದೇ ಈ ಪಿಡುಗಿನ ವಿಶೇಷ.

ಇದಕ್ಕೆ ಕನ್ನಡದಲ್ಲಿ ಹಣದುಬ್ಬರವೆಂದು ಹೆಸರಾಗಿದೆ. ಹೆಸರು ಚೆನ್ನಾಗಿದೆ, ಆದರೆ ಒಂದು ಎಚ್ಚರ ಬೇಕು. ಕಡಲಿನ ಉಬ್ಬರಕ್ಕೆ ಇಳಿತವುಂಟು. ಹಣದ ಉಬ್ಬರಕ್ಕೆ ಅಂಥ ಇಳಿತವಿಲ್ಲ. ಪತ್ರಿಕೆಗಳಲ್ಲಿ "ಹಣದುಬ್ಬರ ಇಳಿಯಿತು" ಎಂದು ಓದಿದ ಗೃಹಿಣಿಯರು "ಹಾಗಾದರೆ ಬೇಳೆಯ ಬೆಲೆ ಏಕೆ ಹಳೆಯ ಮಟ್ಟಕ್ಕೆ ಬರಲಿಲ್ಲ?" ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದು. ಇಳಿದದ್ದು ಏರುವ ವೇಗ, ಏರಿದ ಎತ್ತರವಲ್ಲ. ಬೆಟ್ಟ ಹತ್ತುವವನು ನಡಿಗೆಯನ್ನು ನಿಧಾನಮಾಡಿದರೆ ಕೆಳಗಿಳಿದಂತಾಗುವುದಿಲ್ಲವಷ್ಟೆ. 2022ರ ಏಪ್ರಿಲಿನಲ್ಲಿ ನಮ್ಮ ದೇಶದ ಗ್ರಾಹಕ ಬೆಲೆಗಳು ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇಕಡ 7.79ರಷ್ಟು ಮೇಲಿದ್ದವು. 2025ರ ನಡುವಿನ ಹೊತ್ತಿಗೆ ಆ ಏರಿಕೆಯ ವೇಗ ಶೇಕಡ 3ಕ್ಕೂ ಕೆಳಗೆ ಬಂದಿತು. ಆದರೆ ನಡುವಣ ವರ್ಷಗಳಲ್ಲಿ ಹತ್ತಿದ ಮೆಟ್ಟಿಲುಗಳು ಹತ್ತಿದಂತೆಯೇ ಇವೆ.

ದಿನವೂ ಬಾಗಿಲಿಗೆ ಬರುವ ಹಾಲನ್ನೇ ತೆಗೆದುಕೊಳ್ಳೋಣ. ನಂದಿನಿಯ ನೀಲಿ ಪೊಟ್ಟಣದ ಹಾಲು 2023ರ ಆಗಸ್ಟಿನಲ್ಲಿ ಲೀಟರಿಗೆ 39 ರೂಪಾಯಿಯಿಂದ 42ಕ್ಕೆ ಏರಿತು. 2024ರ ಜೂನಿನಲ್ಲಿ 50 ಮಿಲಿಲೀಟರು ಹಾಲನ್ನು ಹೆಚ್ಚಾಗಿ ತುಂಬಿ 44 ಎಂದರು. 2025ರ ಏಪ್ರಿಲಿನಲ್ಲಿ ಆ ಹೆಚ್ಚಿನ ಹಾಲನ್ನು ತೆಗೆದು 46 ಎಂದರು. ಎರಡು ವರ್ಷ ತುಂಬುವ ಮೊದಲೇ ನೂರಕ್ಕೆ ಸುಮಾರು ಹದಿನೆಂಟರಷ್ಟು ಏರಿಕೆಯಾಯಿತು. ಹುಲ್ಲು ಹಿಂಡಿಗಳ ಬೆಲೆಯನ್ನು ತೆರುವ ರೈತನಿಗೂ ಇದರಲ್ಲಿ ಪಾಲು ಸಲ್ಲಬೇಕಾದುದರಿಂದ ನಾವು ಇದನ್ನು ಅನ್ಯಾಯವೆನ್ನುವುದಿಲ್ಲ. ಹಾಲಿನ ಖರ್ಚಿಗೆಂದು ಮುಂಗಡವಾಗಿ ತೆಗೆದಿಟ್ಟ ಹಣ ಮಾತ್ರ ತಾನಾಗಿ ಹದಿನೆಂಟರಷ್ಟು ಬೆಳೆಯಲಿಲ್ಲವೆಂಬುದೇ ನಮ್ಮ ಮಾತು.

ಲೆಕ್ಕದ ಒಂದು ಸುಲಭೋಪಾಯವನ್ನು ಇಲ್ಲಿ ಹೇಳಿಬಿಡುವೆವು. 72ನ್ನು ವರ್ಷದ ಏರಿಕೆಯ ಶೇಕಡದಿಂದ ಭಾಗಿಸಿದರೆ ಬೆಲೆ ಇಮ್ಮಡಿಯಾಗಲು ಬೇಕಾದ ವರ್ಷಗಳು ಹೆಚ್ಚುಕಡಮೆ ದೊರೆಯುತ್ತವೆ. ಏರಿಕೆ 4 ಆದರೆ ಹದಿನೆಂಟು ವರ್ಷ, 6 ಆದರೆ ಹನ್ನೆರಡು, 8 ಆದರೆ ಒಂಬತ್ತೇ ವರ್ಷ. 2016ರಿಂದ ನಮ್ಮ ರಿಸರ್ವ್ ಬ್ಯಾಂಕಿಗೆ ಕಾನೂನಿನ ಮೂಲಕ ವಿಧಿಸಿರುವ ಗುರಿ ಶೇಕಡ 4. ಎರಡು ಮೇಲೆ, ಎರಡು ಕೆಳಗೆ ಹೋಗಲು ಅವಕಾಶವುಂಟು. ಎಂದರೆ, ಎಲ್ಲವೂ ನೆಟ್ಟಗೆ ನಡೆದರೂ ಇಂದು ಹುಟ್ಟಿದ ಹೆಣ್ಣುಮಗು ಕಾಲೇಜಿನ ಮೆಟ್ಟಿಲನ್ನು ಹತ್ತುವ ಹೊತ್ತಿಗೆ ಬೆಲೆಗಳು ಇಮ್ಮಡಿಯಾಗಿರುತ್ತವೆ. ಇದು ಯಾವುದೋ ಅನಾಹುತದ ಮುನ್ಸೂಚನೆಯಲ್ಲ, ಸುಭಿಕ್ಷಕಾಲದ ಲೆಕ್ಕವೇ ಹೀಗೆ. ಇದನ್ನು ತಿಳಿಯದೆ ಯೋಜನೆಮಾಡಿದವರೇ ಬಳಿಕ "ಕೂಡಿಟ್ಟು ಮಾಡುವುದೇನು?" ಎನ್ನುತ್ತಾರೆ.

ನಮ್ಮ ನಾಡು ಇದನ್ನು ಮೊದಲ ಸಲ ಕಾಣುತ್ತಿಲ್ಲ. ಉಡುಪಿಯಲ್ಲಿ 1925ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈ ಮೊದಲಾದವರು ಸ್ಥಾಪಿಸಿದ ಬ್ಯಾಂಕು (ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು) 1928ರಲ್ಲಿ ಪಿಗ್ಮಿ ಠೇವಣಿಯೆಂಬುದನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿ ಬಡವರ ಬಾಗಿಲಿಗೆ ತಾನೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಕಿರಿದಾದ ಮೊತ್ತವನ್ನೂ ಸಂಗ್ರಹಿಸಿ ತರುವನು. ಎರಡಾಣೆಯಂತೆ ವರ್ಷವೆಲ್ಲ ಕಟ್ಟಿದರೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ ಆಗುತ್ತದೆ. ಹನಿಗೂಡಿ ಹಳ್ಳವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಆದರೆ 1939ರಲ್ಲಿ ಯುದ್ಧ ಮೊದಲಾಯಿತು. ಆ ವರ್ಷದ ಆಗಸ್ಟಿನ ಸಗಟು ಬೆಲೆಗಳನ್ನು ನೂರೆಂದಿಟ್ಟರೆ, 1943–44ರ ಹೊತ್ತಿಗೆ ಅವು 230ನ್ನು ದಾಟಿದ್ದವು. ಯುದ್ಧಕ್ಕೆ ಮೊದಲು ಆ 45 ರೂಪಾಯಿಯನ್ನು ಕೂಡಿಸಿ ಹಾಗೆಯೇ ಇಟ್ಟಿದ್ದವನು ನಾಲ್ಕು ವರ್ಷದ ಮೇಲೆ ಅದನ್ನು ಅಂಗಡಿಗೆ ಒಯ್ದಿದ್ದರೆ, ಹಿಂದೆ ಇಪ್ಪತ್ತು ರೂಪಾಯಿಗೆ ಬರುತ್ತಿದ್ದಷ್ಟು ಸಾಮಾನು ಮಾತ್ರ ದೊರೆಯುತ್ತಿತ್ತು. ಇದು ನಮ್ಮ ಲೆಕ್ಕವೇ ಹೊರತು ಯಾವ ಠೇವಣಿದಾರನ ಖಾತೆಯೂ ಅಲ್ಲ.

ಆ ಕಾಲದ ಜನ ಇದನ್ನು ಕೈಯಿಂದಲೇ ಮುಟ್ಟಿ ತಿಳಿದರು. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿದ್ದ ರೂಪಾಯಿ 1940ರಲ್ಲಿ ಅರ್ಧ ಬೆಳ್ಳಿಗೆ ಇಳಿಯಿತು; 1947ರಲ್ಲಿ ಬೆಳ್ಳಿಯೇ ಹೋಗಿ ನಿಕ್ಕಲ್ಲು ಬಂದಿತು; 1943ರಲ್ಲಿ ತಾಮ್ರವನ್ನು ಉಳಿಸಲು ಕಾಸಿನ ನಡುವೆ ತೂತು ಬಿದ್ದಿತು. ಹಳೆಯ ಅಪ್ಪಟ ರೂಪಾಯಿಯನ್ನು ಪೆಟ್ಟಿಗೆಯ ತಳದಲ್ಲಿಟ್ಟು ಹೊಸದನ್ನು ಅಂಗಡಿಗೆ ಕೊಡುವ ಜಾಣ್ಮೆ ಯಾವ ಅರ್ಥಶಾಸ್ತ್ರವನ್ನೂ ಓದದ ಅಜ್ಜಿಯರಿಗೂ ಬಂದಿತ್ತು.

ಮತ್ತೆ 1974ರಲ್ಲಿ ಸಗಟು ಬೆಲೆಗಳ ವಾರ್ಷಿಕ ಏರಿಕೆ ಶೇಕಡ 25ನ್ನೂ ಮೀರಿದಾಗ, ಜನರು ತಾವಾಗಿ ಉಳಿಸುವುದನ್ನು ಕಾಯದೆ ಸರ್ಕಾರವೇ ಕಾನೂನು ತಂದು ನೌಕರರಿಗೆ ಹೆಚ್ಚಿದ ತುಟ್ಟಿಭತ್ಯೆಯ ಅರ್ಧವನ್ನು ಕಡ್ಡಾಯದ ಠೇವಣಿಯಾಗಿ ಹಿಡಿದಿಟ್ಟಿತು. ಬೆಲೆಯೇರಿಕೆಯು ಉಳಿತಾಯದ ಮನಸ್ಸನ್ನು ಹೇಗೆ ಕದಡುತ್ತದೆಂಬುದಕ್ಕೆ ಇದೂ ಒಂದು ಸಾಕ್ಷಿ.

ಹೊರಗಿನ ಲೋಕದಲ್ಲಿ ಇದರ ಪರಾಕಾಷ್ಠೆಯನ್ನು ಕಂಡವರು ಜರ್ಮನಿಯವರು. 1923ರ ನವೆಂಬರಿನಲ್ಲಿ ಒಂದು ಅಮೆರಿಕದ ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕುಗಳಾಗಿದ್ದವು. ಕೂಲಿಯನ್ನು ದಿನಕ್ಕೆರಡು ಬಾರಿ ಕೊಡುತ್ತಿದ್ದರು. ಪಡೆದವರು ಆ ಗಳಿಗೆಯೇ ಅಂಗಡಿಗೆ ಓಡುತ್ತಿದ್ದರು. ಜೀವಮಾನವೆಲ್ಲ ವಿಮೆ ಕಟ್ಟಿದವರು, ಸರ್ಕಾರದ ಸಾಲಪತ್ರ ಕೊಂಡವರು, ಅಂದರೆ ಎಲ್ಲರಿಗಿಂತ ವಿವೇಕಿಗಳೆನಿಸಿಕೊಂಡವರೇ ಮೊದಲು ನಿರ್ಗತಿಕರಾದರು. ನಮ್ಮ ದೇಶಕ್ಕೆ ಆ ಗತಿ ಬಂದಿಲ್ಲ. ಅದು ಬೆಂಕಿ, ನಮ್ಮದು ಗೆದ್ದಲು. ಬೆಂಕಿ ಬಿದ್ದರೆ ಮನೆಯವರೆಲ್ಲ ಎಚ್ಚರಗೊಳ್ಳುತ್ತಾರೆ. ಗೆದ್ದಲು ಹತ್ತಿದರೆ ತೊಲೆ ಕುಸಿಯುವವರೆಗೆ ಯಾರೂ ತಲೆಯೆತ್ತಿ ನೋಡುವುದಿಲ್ಲ.

ಈ ಗೆದ್ದಲು ನಮ್ಮ ಜರಗನಹಳ್ಳಿಯಂಥ ಕಡೆಗಳಲ್ಲಿ ಎಲ್ಲಿ ಹತ್ತುತ್ತದೆಂಬುದನ್ನು ನೋಡೋಣ. ಕನಕಪುರ ರಸ್ತೆಯ ಬದಿಯ ಈ ಹಳ್ಳಿಯನ್ನು ನಗರವು ನುಂಗಿ, ಸನಿಹದ ಯಲಚೇನಹಳ್ಳಿಗೆ 2017ರಲ್ಲಿ ಮೆಟ್ರೋ ರೈಲು ಬಂದಮೇಲೆ ಇಲ್ಲಿ ಬಾಡಿಗೆಗೆ ಮನೆ ಹುಡುಕುವವರ ಪಾಡು ಹೇಳತೀರದು. ಇಂಥವರಲ್ಲಿ ಅನೇಕರು ಹಿಡಿಯುವ ದಾರಿ ಭೋಗ್ಯ. ಒಡೆಯನಿಗೆ ಒಂದು ದೊಡ್ಡ ಗಂಟನ್ನು ಒಪ್ಪಿಸಿ, ಎರಡೋ ಮೂರೋ ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಆ ಗಂಟನ್ನು ಹಾಗೆಯೇ ಹಿಂದಕ್ಕೆ ಪಡೆಯುವ ಪದ್ಧತಿಯಿದು. ಧರ್ಮಶಾಸ್ತ್ರಗಳಲ್ಲಿ ಒತ್ತೆಯನ್ನು ಗೋಪ್ಯವೆಂದೂ ಭೋಗ್ಯವೆಂದೂ ಎರಡಾಗಿ ವಿಂಗಡಿಸಿದ್ದಾರೆ. ಸುಮ್ಮನೆ ಕಾಪಾಡಬೇಕಾದ ಒತ್ತೆ ಗೋಪ್ಯ. ಬಡ್ಡಿಗೆ ಬದಲಾಗಿ ಅನುಭವಿಸಬಹುದಾದುದು ಭೋಗ್ಯ. ನಮ್ಮ ಬೆಂಗಳೂರಿನ ಮನೆಯ ಭೋಗ್ಯ ಆ ಎರಡನೆಯದರ ಸಂತತಿ.

ಒಂದು ಸಂಸಾರ ಆರು ಲಕ್ಷ ರೂಪಾಯಿ ಕೊಟ್ಟು ಮೂರು ವರ್ಷಕ್ಕೆ ಮನೆ ಹಿಡಿಯಿತೆನ್ನೋಣ. ಆ ಆರು ಲಕ್ಷ ಅವರ ಹತ್ತು ವರ್ಷದ ಉಳಿತಾಯ, ಊರಿನ ತುಂಡು ನೆಲ, ಹೆಂಡತಿಯ ಬಳೆ ಎಲ್ಲವೂ ಸೇರಿದ್ದು. ಮೂರು ವರ್ಷವಾದ ಮೇಲೆ ಒಡೆಯ ಆರು ಲಕ್ಷವನ್ನೂ ಪೈಸೆ ಬಿಡದೆ ಹಿಂದಿರುಗಿಸಿದನು. ಇವರು ಸಂತೋಷದಿಂದ ಬೇರೆ ಮನೆ ನೋಡಹೊರಟರೆ, ಅಂಥದೇ ಎರಡು ಕೋಣೆಯ ಮನೆಗೆ ಏಳು ಲಕ್ಷದ ಮೇಲೆ ಕೇಳುತ್ತಾರೆ. ವರ್ಷಕ್ಕೆ ಶೇಕಡ 6ರಂತೆ ಏರಿದರೆ ಆರು ಲಕ್ಷದ್ದು ಮೂರು ವರ್ಷದಲ್ಲಿ 7 ಲಕ್ಷ 15 ಸಾವಿರದಷ್ಟಾಗುತ್ತದೆ. ಯಾರೂ ಮೋಸಮಾಡಲಿಲ್ಲ, ಯಾರೂ ಕದಿಯಲಿಲ್ಲ. ಆದರೂ 1 ಲಕ್ಷ 15 ಸಾವಿರ ಕಡಮೆಬಿದ್ದಿತು. ಆಗ ಅವರು ಸಾಲಕ್ಕೆ ಕೈಯೊಡ್ಡುತ್ತಾರೆ, ಇಲ್ಲವೆ ನಗರದ ಇನ್ನೂ ಹೊರಗೆ ಸರಿದು ಮಕ್ಕಳ ಶಾಲೆಯನ್ನು ಬಿಡಿಸುತ್ತಾರೆ. ಉಳಿಸಿದವರಿಗೆ ಬಂದ ಫಲವಿದು ಎಂದು ನೆರೆಯವರು ಕಂಡು ಪಾಠ ಕಲಿಯುತ್ತಾರೆ. ಆ ಪಾಠವೇ ನಮಗೆ ಭಯವನ್ನುಂಟುಮಾಡುವುದು.

ಏಕೆಂದರೆ ಕ್ಷೇಮದಲ್ಲಿ ನಂಬಿಕೆ ಹೋದವನು ಸುಮ್ಮನಿರುವುದಿಲ್ಲ. ಒಬ್ಬನು "ಮುಂದಿನ ವರ್ಷ ಇನ್ನೂ ತುಟ್ಟಿ" ಎಂದು ಬೇಡದ ಸಾಮಾನನ್ನು ಇಂದೇ ಕಂತಿನ ಮೇಲೆ ತರುತ್ತಾನೆ. ಇನ್ನೊಬ್ಬನು ಚೀಟಿಯಲ್ಲಿ ಕೊನೆಯವರೆಗೆ ಕಾಯಲಾರದೆ ಮೊದಲ ತಿಂಗಳುಗಳಲ್ಲಿಯೇ ಹೆಚ್ಚು ಕಸರಿಗೆ ಕೂಗಿ ಎತ್ತಿಕೊಳ್ಳುತ್ತಾನೆ; ಕಡೆಗೆ ಬರುವ ದೊಡ್ಡ ಮೊತ್ತ ಅಷ್ಟು ಹೊತ್ತಿಗೆ ಸೊರಗಿರುವುದೆಂಬ ಅಂಜಿಕೆ ಅವನಿಗೆ. ಮತ್ತೊಬ್ಬಳು ಇದ್ದಬದ್ದುದನ್ನೆಲ್ಲ ಚಿನ್ನಕ್ಕೆ ಸುರಿಯುತ್ತಾಳೆ. 2025ರಲ್ಲಿ ಹತ್ತು ಗ್ರಾಂ ಚಿನ್ನ ಲಕ್ಷ ರೂಪಾಯಿಯನ್ನು ದಾಟಿದುದನ್ನು ಕಂಡವರು ಆಕೆಯನ್ನು ಹಳಿಯುವುದು ಕಷ್ಟ. ಎಲ್ಲಕ್ಕಿಂತ ಕೆಟ್ಟದ್ದು ಹೆಚ್ಚು ಬಡ್ಡಿಯ ಬೆನ್ನುಹತ್ತುವುದು. 2019ರಲ್ಲಿ ಐ. ಎಂ. ಎ. ಸಂಸ್ಥೆ ಕುಸಿದಾಗ ಬೆಂಗಳೂರಿನ ಸಾವಿರಾರು ಸಂಸಾರಗಳು ಬೀದಿಗೆ ಬಂದವು. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ವಿಧಿಸಿ, ತಲಾ 35,000 ರೂಪಾಯಿಗಿಂತ ಹೆಚ್ಚು ತೆಗೆಯಕೂಡದೆಂದಾಗ ಸಾಲುನಿಂತವರಲ್ಲಿ ನಿವೃತ್ತರು ಅನೇಕರಿದ್ದರು. ಗೆದ್ದಲಿಗೆ ಹೆದರಿ ಓಡಿದವನು ಹಾಳುಬಾವಿಗೆ ಬಿದ್ದಂತೆ.

2022–23ರಲ್ಲಿ ನಮ್ಮ ದೇಶದ ಸಂಸಾರಗಳ ನಿವ್ವಳ ಹಣಕಾಸಿನ ಉಳಿತಾಯ ರಾಷ್ಟ್ರದ ಒಟ್ಟು ಉತ್ಪನ್ನದ ಶೇಕಡ 5ರ ಸುತ್ತಿಗೆ ಇಳಿದು, ಹಲವು ದಶಕಗಳಲ್ಲಿಯೇ ಅತಿ ಕಡಮೆಯೆನಿಸಿತು. ಇದಕ್ಕೆ ಬೆಲೆಯೇರಿಕೆಯೊಂದೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಮನೆ, ವಾಹನಗಳಿಗಾಗಿ ಮಾಡಿದ ಸಾಲಗಳೂ ಈ ಲೆಕ್ಕದಲ್ಲಿ ಕಳೆಯಲ್ಪಡುತ್ತವೆ. ಆದರೂ ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂಬುದನ್ನು ಅದು ತೋರಿಸುತ್ತದೆ.

ಹಾಗಾದರೆ ಗೃಹಸ್ಥನು ಮಾಡಬೇಕಾದುದೇನು? ನಮ್ಮ ಪೂರ್ವಿಕರ ಶಾಸನಗಳಲ್ಲಿ ಇದಕ್ಕೊಂದು ಸೂಚನೆಯಿದೆ. ದೇವರ ನಂದಾದೀಪಕ್ಕೆ ದತ್ತಿಬಿಟ್ಟವರು ಇಷ್ಟು ಗದ್ಯಾಣವೆಂದು ಹೇಳಿ ಸುಮ್ಮನಾಗದೆ, ಅದರ ಬಡ್ಡಿಯಿಂದ ಇಷ್ಟು ಎಣ್ಣೆ ಅಥವಾ ತುಪ್ಪ ನಡೆಯಬೇಕೆಂದು ಅನೇಕ ಕಡೆ ಕಲ್ಲಿನಲ್ಲಿ ಕೊರೆಯಿಸಿದರು. ಅವರಿಗೆ ಬೇಕಾದುದು ದೀಪ, ನಾಣ್ಯವಲ್ಲ. ನಾವೂ ಹಾಗೆಯೇ ನಮ್ಮ ಉಳಿತಾಯವನ್ನು ಪದಾರ್ಥದಲ್ಲಿ ಎಣಿಸುವುದನ್ನು ಕಲಿಯಬೇಕು. "ಮಗಳಿಗೆ ಐದು ಲಕ್ಷ" ಎಂದು ಬರೆದಿಡಬಾರದು. "ಮಗಳ ಮೂರು ವರ್ಷದ ಕಾಲೇಜಿನ ವೆಚ್ಚ" ಎಂದು ಬರೆದು, ಪ್ರತಿ ಯುಗಾದಿಗೆ ಅದರ ಅಂದಿನ ಬೆಲೆಯನ್ನು ವಿಚಾರಿಸಿ ಪಕ್ಕದಲ್ಲಿ ಗುರುತುಹಾಕಬೇಕು. ತಿಂಗಳ ಕಂತನ್ನೂ ಆ ಏರಿಕೆಗೆ ತಕ್ಕಂತೆ ವರ್ಷಕ್ಕೊಮ್ಮೆ ಏರಿಸಬೇಕು. ಹತ್ತು ವರ್ಷ ಒಂದೇ ಕಂತನ್ನು ಕಟ್ಟುವವನು ವರ್ಷ ವರ್ಷವೂ ಕಡಮೆ ಕಟ್ಟಿದಂತೆಯೇ ಸರಿ.

ಭೋಗ್ಯದ ಸಂಸಾರಕ್ಕೂ ಇದೇ ಮದ್ದು. ಕಡಮೆಬೀಳುವ 1 ಲಕ್ಷ 15 ಸಾವಿರವನ್ನು ಮೂವತ್ತಾರು ತಿಂಗಳಿಗೆ ಹಂಚಿದರೆ ತಿಂಗಳಿಗೆ 3,200 ರೂಪಾಯಿಯಷ್ಟಾಗುತ್ತದೆ; ಅದನ್ನು ಅಂಚೆಯ ಅಥವಾ ಬ್ಯಾಂಕಿನ ಆವರ್ತ ಠೇವಣಿಗೆ ಕಟ್ಟುತ್ತ ಹೋದರೆ ಬಡ್ಡಿಯಿಂದಾಗಿ ಇನ್ನೂ ಸ್ವಲ್ಪ ಕಡಮೆ ಸಾಕು. ಬಾಡಿಗೆ ಕೊಡುವುದು ತಪ್ಪಿದೆಯಲ್ಲ, ಆ ಉಳಿದುದರಲ್ಲಿ ಇಷ್ಟನ್ನು ಮನೆಗೇ ಬಾಡಿಗೆ ಕೊಟ್ಟೆವೆಂದು ತಿಳಿದುಕೊಂಡರಾಯಿತು. ಒಂದು ವರ್ಷಕ್ಕೆ ಮೀರಿದ ಭೋಗ್ಯಪತ್ರವನ್ನು ನೋಂದಾಯಿಸುವುದು ಕಾನೂನಿನ ವಿಧಿ. ಮನೆ ಈಗಾಗಲೇ ಬ್ಯಾಂಕಿಗೆ ಅಡವಾಗಿದೆಯೇ ಎಂಬುದನ್ನು ಋಣಭಾರ ಪತ್ರದಲ್ಲಿ ನೋಡದೆ ಗಂಟನ್ನು ಬಿಚ್ಚಲಾಗದು.

ಆಪದ್ಧನದ ಮಾತು ಬೇರೆ. ಆಸ್ಪತ್ರೆಗೆ, ಕೆಲಸ ತಪ್ಪಿದ ತಿಂಗಳುಗಳಿಗೆ ಇಟ್ಟ ಹಣ ಸವೆಯುತ್ತದೆಂದು ಅದನ್ನು ಸಾಹಸಕ್ಕೆ ಹೂಡಬಾರದು. ಬಾಗಿಲಿಗೆ ಹಾಕಿದ ಬೀಗ ಬಡ್ಡಿ ತರುವುದಿಲ್ಲವೆಂದು ಯಾರೂ ಬೀಗವನ್ನು ಮಾರುವುದಿಲ್ಲ. ಅದನ್ನು ಒಳ್ಳೆಯ ಬ್ಯಾಂಕಿನಲ್ಲಿ, 2020ರ ಫೆಬ್ರವರಿಯಿಂದ ಠೇವಣಿ ವಿಮೆಗೆ ಗೊತ್ತುಮಾಡಿರುವ ಐದು ಲಕ್ಷದ ಮಿತಿಯೊಳಗೆ ಇಡುವುದು ಲೇಸು. ವರ್ಷ ವರ್ಷವೂ ಅದು ಸವೆಯುವಷ್ಟನ್ನು ಮೇಲೆ ತುಂಬಿದರೆ ಸಾಕು.

ಕೊನೆಯದಾಗಿ ಒಂದು ಮಾತನ್ನು ಹೇಳದಿದ್ದರೆ ಈ ಲೇಖನ ಅಪೂರ್ಣವಾದೀತು. ನಮ್ಮಂಥ ನಿವೃತ್ತ ಉಪಾಧ್ಯಾಯರಿಗೆ ವರ್ಷಕ್ಕೆ ಸಾಮಾನ್ಯವಾಗಿ ಎರಡು ಬಾರಿ ತುಟ್ಟಿಭತ್ಯೆಯ ಏರಿಕೆ ದೊರೆಯುತ್ತದೆ. ಬೆಲೆ ಏರಿತೆಂದು ಸರ್ಕಾರಕ್ಕೆ ನಾವು ನೆನಪಿಸಬೇಕಾದ ಅಗತ್ಯವೂ ಇಲ್ಲ. ಕಾಲಕಾಲಕ್ಕೆ ಅದರ ಎಣಿಕೆ ನಡೆಯುತ್ತದೆ. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವ, ನೆಲ ಸಾರಿಸುವ ಹೆಣ್ಣುಮಕ್ಕಳಿಗೆ ಅಂಥ ಯಾವ ಎಣಿಕೆಯೂ ಇಲ್ಲ. ಅದೇ ಹಾಲು, ಅದೇ ಬೇಳೆ.  ಸಂಬಳವನ್ನು ಏರಿಸಿರೆಂದು ಕೇಳಲು ಆಕೆ ಸಂಕೋಚದಿಂದ ತಿಂಗಳುಗಟ್ಟಲೆ ಕಾಯುತ್ತಾಳೆ. ಕೇಳಿದ ದಿನ ಅದು ನಮಗೆ ಹೆಚ್ಚಿನ ಬೇಡಿಕೆಯೆಂದು ತೋರುತ್ತದೆ. ನಮ್ಮ ಭತ್ಯೆ ಏರಿದ ತಿಂಗಳೇ, ಆಕೆ ಬಾಯಿ ತೆರೆಯುವ ಮೊದಲೇ, ಅಷ್ಟೇ ಶೇಕಡವನ್ನು ಆಕೆಯ ಸಂಬಳಕ್ಕೂ ಸೇರಿಸುವ ನಿಯಮವನ್ನು ಒಂದೊಂದು ಮನೆಯವರೂ ಇಟ್ಟುಕೊಳ್ಳಲೆಂದು ನಾವು ಸೂಚಿಸುವೆವು. ಇದು ದಾನವಲ್ಲ. ಹೋದ ವರ್ಷ ಒಪ್ಪಿದ ಕೂಲಿಯನ್ನು ಈ ವರ್ಷವೂ ಪೂರ್ತಿಯಾಗಿ ಕೊಡುವುದಷ್ಟೆ.

ಉಳಿಸಿರೆಂದು ಬಡವರಿಗೆ ಉಪದೇಶಿಸುವುದು ಸುಲಭ. ಉಳಿಸಲು ಏನಾದರೂ ಕೈಯಲ್ಲಿ ಮಿಗುವಂತೆ ನಡೆದುಕೊಂಡ ಬಳಿಕ ಆ ಉಪದೇಶಕ್ಕೆ ಬೆಲೆ. ನಾಳೆಯೆಂಬುದು ತನಗೂ ಉಂಟೆಂದು ಆಕೆ ನಂಬಿದ ದಿನ, ಸಾಸಿವೆಯ ಡಬ್ಬಿಗೆ ಮತ್ತೆ ನಾಲ್ಕು ಕಾಸು ಬೀಳುತ್ತದೆ. ಗಳಿಸುವ ದಾರಿಗಳನ್ನು ದೊಡ್ಡವರು ನೋಡಿಕೊಳ್ಳಲಿ. ಈ ಕ್ಷೇಮವನ್ನಾದರೂ ನಾವು ನಮ್ಮ ನಮ್ಮ ಹೊಸ್ತಿಲಿನೊಳಗೆ ಕಾಪಾಡಬಲ್ಲೆವು.